ಉಪ್ಪು ತಿಂದ ಗಾಡಿ

ಈ ಸಲ ಕುಮಟೆಗೆ ಬಂದಾಗ ಭಾವ ಕೊಳ್ಳಲೆಂದು ಹಳೆಯ ಮಾರುತಿ ಈಕೋ ವ್ಯಾನ್ ಒಂದನ್ನು ನೋಡಿಟ್ಟಿದ್ದ. ನಾನು ಮಂಡಿಯೂರಿ ಅದರ ಅಡಿಗೆ ಇಣುಕಿದ್ದೇ ತಡ, "ಎಂತ ನೋಡ್ತೆ ಮಾರಾಯಾ ಅಲ್ಲಿ? ನಮ್ಮವ್ರ ಗಾಡಿನೇಯಾ ಅದು" ಎಂದು ಪಿಸುಗುಟ್ಟಿದ. ಮಾರುವವರು ಚಾ ತರಲು ಒಳಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನಾನು ಎದ್ದು ನಿಲ್ಲಬೇಕಂತೆ.

ನಾನಿರುವ ಮಿಷಿಗನ್ನಿನಲ್ಲಿ ಈ ಸಂಕೋಚವಿಲ್ಲ. ಹಳೆಯ ಮಿನಿವ್ಯಾನನ್ನು ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು, ಲಿಫ್ಟಿಗೇರಿಸಿ, ದುಡ್ಡು ಕೊಟ್ಟೇ ನೋಡಿಸುತ್ತೇವೆ, ಮಾರುವವನಿಗೂ ಬೇಜಾರಿಲ್ಲ. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಗಾಡಿಯನ್ನು ಅಡಿಯಿಂದ ತಿನ್ನುತ್ತದೆ. ಚಾಸಿ ನಂಬರ್ ಕೊಟ್ಟರೆ ಅಪಘಾತ, ಮಾಲೀಕರ ಸಂಖ್ಯೆ, ಓಡಿದ ಮೈಲಿ ಎಲ್ಲ ಇರುವ ವರದಿ ಸಿಗುತ್ತದೆ. ಆದರೆ ಯಾರೂ ದಾಖಲಿಸದ ಅಪಘಾತ ಅದರಲ್ಲಿ ಇರುವುದಿಲ್ಲ. ಆ ಕಾಗದ ನಂಬಿ ಕೊಂಡ ನನ್ನ ಮೊದಲ ವ್ಯಾನಿನ ಬ್ರೇಕ್ ಪೈಪು ಎರಡನೇ ಚಳಿಗಾಲಕ್ಕೆ ತುಕ್ಕು ಹಿಡಿದು ಒಡೆಯಿತು.

ನಮ್ಮ ಕರಾವಳಿಯಲ್ಲಿ ಉಪ್ಪು ಸುರಿಯಬೇಕಿಲ್ಲ, ಗಾಳಿಯಲ್ಲೇ ಇದೆ. ಅದಕ್ಕಿಂತ ಕೆಟ್ಟದ್ದು ಮೀನಿನ ಐಸು. ಕಾರವಾರ, ಅಂಕೋಲೆ ಕಡೆ ಓಮ್ನಿ, ಈಕೋಗಳಲ್ಲಿ ಮೀನಿನ ಬಾಕ್ಸ್ ಹೇರಿದವರುಂಟು. ಕರಗಿದ ನೀರು ಮ್ಯಾಟಿನಡಿ ಇಳಿದು ನೆಲದ ತಗಡನ್ನು ಚಾದಲ್ಲಿ ಅದ್ದಿದ ಬಿಸ್ಕೀಟು ಮಾಡುತ್ತದೆ. ವಾಸನೆ ಮುಚ್ಚಲು ಸೆಂಟು ಇದೆ, ತೂತು ಮುಚ್ಚಲು ಕಪ್ಪು ಕೋಟಿಂಗ್ ಇದೆ. ಅಡಿಗೆ ಹೊಸದಾಗಿ ಕಪ್ಪು ಬಳಿದ ಹಳೆ ಗಾಡಿ ಕಂಡರೆ ನನಗಂತೂ ಅನುಮಾನ. ಮ್ಯಾಟೆತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಸದ್ದು ಕೇಳಬೇಕು, ಜಾರುಬಾಗಿಲಿನ ಕೆಳಗಿನ ಪಟ್ಟಿ ನೋಡಬೇಕು. 2019ರ ಆಗಸ್ಟ್ ನೆರೆಯಲ್ಲಿ ಗಂಗಾವಳಿ ನದಿಯ ನೀರು ಒಳಹೊಕ್ಕ ಗಾಡಿಯಾದರೆ, ಸೀಟ್‌ಬೆಲ್ಟನ್ನು ಕೊನೆತನಕ ಎಳೆದಾಗ ಕೆಸರಿನ ಗೆರೆ ಸಿಕ್ಕರೂ ಸಿಕ್ಕೀತು. ಇಂಜಿನ್ ಇರುವುದು ಮುಂದಿನ ಸೀಟಿನಡಿ. ತಣ್ಣಗಿದ್ದಾಗಿನ ತೊಂದರೆ ಕಾಣದಿರಲೆಂದು ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೋ ಎಂದು ಸೀಟೆತ್ತಿ ನೋಡಿದರೆ ತಿಳಿಯುತ್ತದೆ. ಕ್ಲಚ್ಚಿನ ಬಣ್ಣವನ್ನು ಶಿರಸಿ ದಾರಿಯ ದೇವಿಮನೆ ಘಟ್ಟ ಬಯಲು ಮಾಡುತ್ತದೆ. ಗೋವಾ ನಂಬರಿನದು ಅಗ್ಗ ಎಂದು ಹೋಗುವವರು ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿಯಲಿ.

ಒಂದು ವಿಷಯದಲ್ಲಿ ಮಾತ್ರ ಊರೇ ಮೇಲು. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಎರಡು ಬನ್ಸ್ ತಿನ್ನುವಷ್ಟರಲ್ಲಿ ಈ ಈಕೋ ಯಾವ ಶಾಲೆಯ ಮಕ್ಕಳನ್ನು ಹೊತ್ತಿತ್ತು, ಯಾವ ಧರೆಗೆ ಗುದ್ದಿತ್ತು ಎಲ್ಲ ಗೊತ್ತಾಯಿತು. ಮಿಷಿಗನ್ನಿನ ಯಾವ ವರದಿಯೂ ಅಷ್ಟು ಹೇಳದು. ಆದರೆ ಅಷ್ಟೆಲ್ಲ ತಿಳಿದ ಊರಿಗೆ ಬಗ್ಗಿ ನೋಡಲು ದಾಕ್ಷಿಣ್ಯ. ಈ ದಾಕ್ಷಿಣ್ಯಕ್ಕೆ ಬೆಲೆ ತೆರುವವರು ಯಾವಾಗಲೂ ಕೊಳ್ಳುವವರೇ ಎಂಬುದು ನನ್ನ ತಕರಾರು.

ಕೊನೆಗೆ ಉಪಾಯ ಹೊಳೆದದ್ದು ಭಾವನಿಗೇ. "ಒಂದ್ಸಲ ವಾಟರ್ ಸರ್ವಿಸ್ ಮಾಡಿಸ್ಕ್ಯಂಡು ಬರ್ತ್ಯ" ಎಂದು ಕೀಲಿಕೈ ಇಸಿದುಕೊಂಡ. ರ‍್ಯಾಂಪಿಗೇರಿಸಿ ನೀರು ಹೊಡೆದದ್ದೇ, ಹಿಂದಿನ ಸೀಟಿನ ಕೆಳಗಿಂದ ಅಂಗೈಯಗಲದ ತಗಡು ಕಳಚಿ ಬಿತ್ತು. ಭಾವ ಅದನ್ನು ಪೇಪರಿನಲ್ಲಿ ಸುತ್ತಿ, ಮಾರುವವರ ಮನೆಗೇ ಒಯ್ದು, ಚಾ ಲೋಟದ ಪಕ್ಕ ಇಟ್ಟ. ಹದಿನೈದು ಸಾವಿರ ಇಳಿಯಿತು. ಒಂಬತ್ತು ಸಾವಿರ ಟಿಂಕರಿನವ ತೆಗೆದುಕೊಂಡ. ಸರ್ವಿಸಿನ ದುಡ್ಡು ನಾನು ಕೊಟ್ಟೆ.