ಒಂದು ಕಾಫಿ, ಬಿಟ್ಟೆ

"ಐನ್ ಕಾಫೆ, ಬಿಟ್ಟೆ" ಅಂದೆ, ಜರ್ಮನ್‌ನಲ್ಲಿ ಒಂದು ಕಾಫಿ, ದಯವಿಟ್ಟು ಅಂತ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಒಂದು ಬೇಕರಿ, ಬೆಳಿಗ್ಗೆ ಏಳೂವರೆ, ನನ್ನ ಹಿಂದೆ ಆರು ಜನ. ಕೌಂಟರಿನ ಆಯಮ್ಮ ತಲೆ ಎತ್ತದೆ "ಐನನ್ ಕಾಫೆ" ಎಂದು ತಿದ್ದಿದಳು. ಕಾಫಿಗೆ ದುಡ್ಡು, ಪಾಠ ಪುಕ್ಕಟೆ.

"ಉ, ಅನ್ನು, ಇಂದ, ಗೆ" ಎಂದು ಬಾಯಿಪಾಠ ಮಾಡಿ ಬೆಳೆದವನು ನಾನು. ಅನ್ನು ಅಂದರೆ ಅನ್ನು, ಗಂಡಿಗೂ ಅದೇ, ಗಡಿಗೆಗೂ ಅದೇ. ಇಲ್ಲಿ ವಸ್ತುಗಳ ಹೆಸರಿಗೂ ಲಿಂಗ ಉಂಟು; ಅನ್ನು ಬರುವ ಕಡೆ ಹೆಣ್ಣು, ನಪುಂಸಕ ಎರಡೂ ಕದಲುವುದಿಲ್ಲ. ಗಂಡು ಪದದ ಮುಂದಿನ ಗುರುತು ಮಾತ್ರ ಡೇರ್ ಇದ್ದದ್ದು ಡೇನ್ ಆಗುತ್ತದೆ, ಒಂದು ಅನ್ನುವ ಐನ್ ಇದ್ದದ್ದು ಐನನ್. ಕಾಫಿ ಗಂಡು ಅಂತ ಯಾರು ನೋಡಿದರೋ! ಚಹಾನೂ ಗಂಡಂತೆ. ಹುಡುಗಿ ನಪುಂಸಕವಂತೆ.

ಸರಿ, ಗಂಡು ತಿಂಡಿಗಳ ಸಹವಾಸವೇ ಬೇಡ ಅಂತ ಬಿಟ್ಟೆ. ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದ ಬ್ರೆಡ್ಡು ಹೆಣ್ಣು, ಧೈರ್ಯವಾಗಿ ಕೇಳಬಹುದು. ಕ್ರೀಮು ಮೆತ್ತಿದ ಕೇಕು, ಟೋರ್ಟೆಯೂ ಹೆಣ್ಣು. ಸೇಬಿನ ಕೂಖನ್, ಅಂದರೆ ಸಾದಾ ಕೇಕು, ಗಾಜಿನ ಆಚೆ ಸುಮ್ನೆ ಕೂತು ನನ್ನನ್ನೇ ನೋಡುತ್ತಿತ್ತು. ಗಂಡು, ಹಾಗಾಗಿ ಬೇಡ. ಒಂದು ತಿಂಗಳಲ್ಲಿ ಪ್ಯಾಂಟು ಬಿಗಿಯಾಯಿತು, ವ್ಯಾಕರಣ ಮಾತ್ರ ಶುದ್ಧ. ಕಾಫಿಗೂ ಉಪಾಯ ಸಿಕ್ಕಿತು: "ಐನೆ ಟಾಸೆ ಕಾಫೆ." ಟಾಸೆ ಅಂದರೆ ಕಾಫಿ ಕುಡಿಯುವ ಕಪ್, ಹೆಣ್ಣು. ಅವಳ ಸೆರಗಿನ ಹಿಂದೆ ಕಾಫಿ ಅಡಗಿಕೊಂಡಿತು. ಮೂರು ವಾರ ಯಾರೂ ತಿದ್ದಲಿಲ್ಲ.

ಒಂದು ದಿನ ರೈಲಿಗೆ ಹೊತ್ತಾಗಿತ್ತು, ಕಾಫಿ ಕೈಯಲ್ಲಿ ಹಿಡಿದೇ ಓಡಬೇಕು. ಆಯಮ್ಮ ಕಾಗದದ ಲೋಟ ಎತ್ತಿ "ಬೆಷರ್?" ಅಂದಳು. ಕ್ಯೂನಲ್ಲಿ ನಿಂತೇ ಮೊಬೈಲ್ ತೆಗೆದು ನೋಡಿದೆ. ಬೆಷರ್, ಗಂಡು.

ಹಿಂದಿದ್ದ ತಾತ ನನ್ನನ್ನು ದಾಟಿ ಮುಂದೆ ಬಂದ. "ನ್ ಕಾಫೆ" ಅಂದ. ಐ ಇಲ್ಲ, ಬಾಲ ಇಲ್ಲ, ಬರೀ ಮೂಗಿನ ಶಬ್ದ. ಆಯಮ್ಮ ನಗುತ್ತಾ ಸುರಿದು ಕೊಟ್ಟಳು! ಅವರು ನುಂಗಿದರೆ ಮಾತು, ನಾವು ನುಂಗಿದರೆ ತಪ್ಪು, ಅಲ್ವಾ? ನಾವೂ "ಕಾಫಿಯನ್ನು ಕುಡಿದೆ" ಅನ್ನುವುದಿಲ್ಲ, ನಿಜ. ಆದರೆ ಅಂದವರನ್ನು ಕ್ಯೂನಲ್ಲಿ ನಿಲ್ಲಿಸಿ ತಿದ್ದುವುದೂ ಇಲ್ಲ. ಇಲ್ಲಿಯವರೇ ಆದ ಜರ್ಮನ್ ಪಾದ್ರಿ ಕಿಟೆಲ್ ಸಾಹೇಬರು 1853ರಲ್ಲಿ ನಮ್ಮ ಕಡೆ ಬಂದು, 1894ರಲ್ಲಿ ಕನ್ನಡ ನಿಘಂಟನ್ನೇ ಅಚ್ಚು ಹಾಕಿಸಿದರು. ಕೊನೆಗಾಲ ಕಳೆದದ್ದು ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಅವರನ್ನು ನಮ್ಮವರು ಎಷ್ಟು ಸಲ ತಿದ್ದಿದ್ದರೋ, ಕೇಳೋಣ ಅಂದರೆ 1903ರಲ್ಲೇ ತೀರಿಕೊಂಡಿದ್ದಾರೆ.

ಈಗ ನಾನು ದಿನಾ "ಟ್ಸ್ವೈ ಕಾಫೆ" ಅನ್ನುತ್ತೇನೆ. ಎರಡು ಅಂದರೆ ಬಾಲದ ರಗಳೆ ಇಲ್ಲ. ಖರ್ಚು ಜಾಸ್ತಿ. ಎರಡನೆಯದನ್ನು ಆಫೀಸಿನಲ್ಲಿ ಪಕ್ಕದ ಮೇಜಿನವನಿಗೆ ಕೊಡುತ್ತೇನೆ. ಇಷ್ಟು ಒಳ್ಳೆಯ ಮನುಷ್ಯನನ್ನು ನೋಡಿಲ್ಲ ಅಂತ ಅವನು ಎಲ್ಲರಿಗೂ ಹೇಳುತ್ತಿದ್ದಾನಂತೆ.