ಸತ್ಯಾಂಶ: ‘ಗಿಫ್ಟ್’ ಅಂತ ಬರೆದರೆ ಕಸ್ಟಮ್ಸ್ ತಪಾಸಣೆ ತಪ್ಪುತ್ತದೆಯೇ?

“ಪಾರ್ಸೆಲ್ ಮೇಲೆ ‘ಗಿಫ್ಟ್’ ಅಂತ ಬರೆಯಿರಿ, ಕಸ್ಟಮ್ಸ್‌ನವರು ಬಿಚ್ಚುವುದಿಲ್ಲ, ಸುಂಕವೂ ಇಲ್ಲ.” ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ಸುಳ್ಳು.

ವಿದೇಶಕ್ಕೆ ಕಳಿಸುವ ಪಾರ್ಸೆಲ್‌ನಲ್ಲಿ ಏನಿದೆ ಅಂತ ಕಸ್ಟಮ್ಸ್‌ಗೆ ತಿಳಿಸುವ ಅಂಚೆಯ ಸಿಎನ್ 22, ಸಿಎನ್ 23 ಫಾರಂಗಳಲ್ಲಿ ‘ಗಿಫ್ಟ್’ ಎಂಬ ಚೌಕ ಇರುವುದು ನಿಜ. ಅದು ಯಾವ ಬಗೆಯ ಪಾರ್ಸೆಲ್ ಅಂತ ತಿಳಿಸುತ್ತದೆ, ಅಷ್ಟೆ. ಸುಂಕದ ರಿಯಾಯಿತಿ ತೀರ್ಮಾನಿಸುವುದು ಪಾರ್ಸೆಲ್ ತಲುಪುವ ದೇಶ. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್‌ವರೆಗಿನ ಬೆಲೆಯ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನೇ ನಿಲ್ಲಿಸಿತಲ್ವಾ?

ಬದಿಯಡ್ಕದಿಂದ ದುಬೈಗೆ ಹಪ್ಪಳ, ಮಸಾಲೆ ಕಳಿಸುವವರು ದಯವಿಟ್ಟು ಗಮನಿಸಿ: ಗಸಗಸೆ ಬೇಡವೇ ಬೇಡ. ಯುಎಇಯಲ್ಲಿ ಅದು ನಿಷೇಧಿತ. ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಅಲ್ಲಿ ಪಾರ್ಸೆಲ್ ಪಡೆಯುವ ನಿಮ್ಮ ಮಗನೋ ಅಳಿಯನೋ. ಫಾರಂನಲ್ಲಿ ಸುಮ್ನೆ ‘ತಿಂಡಿ’ ಅಂತ ಗೀಚಬೇಡಿ. ‘ಹಲಸಿನ ಹಪ್ಪಳ, 1 ಕೆಜಿ’ ಅಂತ ಬಿಡಿಸಿ ಬರೆದು, ನಿಜವಾದ ಬೆಲೆ ಹಾಕಿ. ಬಿಲ್ ಇದ್ದರೆ ಜೊತೆಗಿಡಿ.