ತಾಂಬೂಲದ ಡಬ್ಬಿಯೊಳಗೆ ಒಂಬತ್ತು ವೋಲ್ಟ್

ಮೊಬೈಲ್ ಫೋನಿಗೆ ಚೆಂಡೆಯೆಂದರೆ ಭಯ. ವೇಷ, ಕುಣಿತಗಳಿಲ್ಲದೆ ಕುಳಿತಲ್ಲೇ ಹಾಡು ಮಾತುಗಳಲ್ಲಿ ನಡೆಯುವ ಯಕ್ಷಗಾನವಾದ ತಾಳಮದ್ದಳೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಲು ಹೊರಟವರಿಗೆಲ್ಲ ಇದು ಗೊತ್ತಿರುವ ಸಂಗತಿ. ಸದ್ದಿನ ಏರಿಳಿತವನ್ನು ತಾನಾಗಿಯೇ ಸರಿದೂಗಿಸುವ ಏರ್ಪಾಡೊಂದು ಅದರೊಳಗೆ ಇರುತ್ತದೆ. ಚೆಂಡೆಯ ಮೊದಲ ಪೆಟ್ಟಿಗೇ ಅದು ಬೆಚ್ಚಿ ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಧೈರ್ಯ ತಂದುಕೊಂಡು ಮತ್ತೆ ತಲೆಯೆತ್ತುವಷ್ಟರಲ್ಲಿ ಭಾಗವತರ ಹಾಡು ಮುಗಿದು, ಪಾತ್ರದ ಮಾತನ್ನಾಡುವ ಅರ್ಥಧಾರಿ ಮೆಲುದನಿಯಲ್ಲಿ ಪೀಠಿಕೆ ಆರಂಭಿಸಿರುತ್ತಾರೆ. ಪೀಠಿಕೆಯ ಮೊದಲ ವಾಕ್ಯಗಳು ಮಾಯ. ಇನ್ನು ಅರ್ಥಧಾರಿ ಮಾತಿನ ನಡುವೆ ಅರೆಗಳಿಗೆ ಸುಮ್ಮನಾದರೆ, ಫೋನು ಕಿವಿಯಗಲಿಸಿ ಹಿಂದಿನ ಸಾಲಿನಲ್ಲಿ ಯಾರೋ ಅಡಿಕೆ ಧಾರಣೆ ವಿಚಾರಿಸಿದ್ದನ್ನು ಸ್ಪಷ್ಟವಾಗಿ ಹಿಡಿದಿಡುತ್ತದೆ. ನನ್ನಲ್ಲಿರುವ ಹಳೆಯ ಮುದ್ರಣಗಳನ್ನು ಕೇಳಿದರೆ ಭೀಷ್ಮನ ವಾದವೇನೆಂದು ತಿಳಿಯುವುದಿಲ್ಲ. ಆ ವರ್ಷ ಚಾಲಿ ಅಡಿಕೆಗೆ ಎಷ್ಟು ದರವಿತ್ತೆಂದು ಮಾತ್ರ ಖಚಿತವಾಗಿ ಹೇಳಬಹುದು.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಪೆರ್ಲ, ಬದಿಯಡ್ಕದ ಸುತ್ತಮುತ್ತ ತಾಳಮದ್ದಳೆಯದೇ ಕಾಲ. ಮಳೆ ಹೊಯ್ಯುತ್ತಿರುತ್ತದೆ, ಯಾರದೋ ಚಾವಡಿಯಲ್ಲಿ ಕೌರವರು ಪಾಂಡವರು ಬಿಳಿ ಪಂಚೆಯುಟ್ಟು ಎದುರುಬದುರು ಕುಳಿತಿರುತ್ತಾರೆ. ಅದು ಕರೆಂಟು ಹೋಗುವ ಕಾಲವೂ ಹೌದು. ತೋಟದ ಯಾವುದೋ ಮರ ತಂತಿಯ ಮೇಲೆ ಒರಗಿದರೆ ಮರುದಿನದವರೆಗೆ ಕತ್ತಲು. ಕರೆಂಟು ಇದ್ದರೂ ಮುದ್ರಣಕ್ಕೆ ಸುಖವಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಾವ ಯಂತ್ರವೂ 50 ಹರ್ಟ್ಸಿನ ಒಂದು 'ಗುಂಯ್' ಶ್ರುತಿಯನ್ನು ಭಾಗವತರ ಶ್ರುತಿಯ ಕೆಳಗೆ ತಾನೂ ಹಿಡಿದು ಕೂರುತ್ತದೆ. ಇನ್ವರ್ಟರಿನದು ಇನ್ನೂ ಕರ್ಕಶ. ಹಾಗಾಗಿ ಸದ್ದಿಲ್ಲದೆ ದುಡಿಯುವ, ಚೀಲದಲ್ಲಿ ಹೊತ್ತೊಯ್ಯಬಹುದಾದ, ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಬ್ಯಾಟರಿಯ ಪ್ರೀಆಂಪ್ ಒಂದು ಬೇಕೆನಿಸಿತು.

ಪ್ರೀಆಂಪ್ ಏಕೆಂದರೆ, ಭಜನಾ ಮಂದಿರದವರು ಹೊಸದು ತಂದಾಗ ನನಗೆ ದಯಪಾಲಿಸಿದ ಹಳೆಯ ಡೈನಾಮಿಕ್ ಮೈಕು ಬಲು ಮಿತಭಾಷಿ. ಬಾಯಿಯ ಹತ್ತಿರ ಹಿಡಿದು ಗಟ್ಟಿಯಾಗಿ ಕೂಗಿದರೆ ಒಂದೆರಡು ಮಿಲಿವೋಲ್ಟ್ ಹೊರಡಿಸುತ್ತದೆ. ಎರಡಡಿ ದೂರ ಇಟ್ಟರೆ ಅದರಲ್ಲಿ ಹತ್ತರ ಒಂದು ಪಾಲು. ರೆಕಾರ್ಡರಿನ ಲೈನ್ ಇನ್ ಎಂಬ ರಂಧ್ರ ಕೇಳುವುದು ಸುಮಾರು ಮೂರನೆಯ ಒಂದು ವೋಲ್ಟ್. ನಡುವೆ ನಿಂತು ಸಾವಿರ ಪಟ್ಟು, ಅಂದರೆ 60 ಡೆಸಿಬೆಲ್, ಹೆಚ್ಚಿಸುವ ಮಧ್ಯವರ್ತಿ ಬೇಕೇ ಬೇಕು. ಮಧ್ಯವರ್ತಿ ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸಬಾರದು. ಮದುವೆಯ ದಲ್ಲಾಳಿಗಳಲ್ಲೇ ಸಿಗದ ಗುಣ ಇದು.

ಕಾಸರಗೋಡು ಪೇಟೆಯ ಅಂಗಡಿಯವರು ನನ್ನ ಬೇಡಿಕೆಯನ್ನು ಪೂರ್ತಿ ಕೇಳಿಸಿಕೊಂಡು, "ಅದಕ್ಕಿಂತ ಒಳ್ಳೆಯದಿದೆ ಮಾಷೇ" ಎಂದು ಕರಾವೋಕೆ ಸ್ಪೀಕರ್ ಒಂದನ್ನು ಮೇಜಿನ ಮೇಲಿಟ್ಟರು. ಬ್ಯಾಟರಿ ಇತ್ತು, ಮೈಕೂ ಇತ್ತು, ಹಾಡಿದಾಗ ಹಸಿರು ನೀಲಿ ದೀಪಗಳು ಕುಣಿಯುತ್ತಿದ್ದವು. ಧೃತರಾಷ್ಟ್ರನ ಮಾತಿಗೆ ಆ ದೀಪಗಳು ಕುಣಿಯುವುದನ್ನು ನೆನೆದು ಕೈಮುಗಿದು ಬಂದೆ.

ಮುಂಬಯಿಯಲ್ಲಿರುವ ಅಳಿಯ ಫೋನಿನಲ್ಲಿ ಬೇರೆ ದಾರಿ ತೋರಿಸಿದ. ಕಂಡೆನ್ಸರ್ ಮೈಕ್ ತೆಗೆದುಕೊಳ್ಳಿ ಮಾವ, ಅದಕ್ಕೆ 48 ವೋಲ್ಟ್ ಕೊಟ್ಟರಾಯಿತು ಎಂದ. ಈ 48 ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕಿದ ಕಥೆ ಚೆನ್ನಾಗಿದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ತನ್ನ ಟ್ರಾನ್ಸಿಸ್ಟರ್ ಮೈಕನ್ನು ನಾರ್ವೆಯ ಪ್ರಸಾರ ಸಂಸ್ಥೆಗೆ ತೋರಿಸಿತು. ಆ ಸಂಸ್ಥೆಯ ಸ್ಟುಡಿಯೋಗಳಲ್ಲಿ ಕರೆಂಟು ಹೋದಾಗ ಉರಿಯುವ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತಂತೆ. ಮೈಕಿಗೂ ಅದನ್ನೇ ಕೊಡಿ ಎಂದರು, ಅದೇ ಲೋಕಕ್ಕೆಲ್ಲ ಕಟ್ಟಳೆಯಾಯಿತು. ಕರೆಂಟು ಹೋಗುವ ಚಿಂತೆಯಿಂದ ಹುಟ್ಟಿದ ಲೆಕ್ಕವಾದ್ದರಿಂದ ನನಗೆ ಅದರ ಮೇಲೆ ಗೌರವ ಮೂಡಿತು. ಆದರೆ 9 ವೋಲ್ಟಿನ ಐದು ಬ್ಯಾಟರಿ ಸಾಲಾಗಿ ಜೋಡಿಸಿದರೆ 45 ಆಗುತ್ತದೆ, ನಾಲ್ಕು ವೋಲ್ಟ್ ಆಚೀಚೆಯಾದರೆ ನಡೆಯುತ್ತದೆ ಎಂದು ಅಳಿಯ ವಿವರಿಸುವಾಗ ಮನೆಯವಳು ಪಕ್ಕದಲ್ಲೇ ನಿಂತಿದ್ದಳು. ಐದು ಬ್ಯಾಟರಿಯ ಬೆಲೆಯನ್ನು ಅವಳು ಬಾಯಲ್ಲೇ ಕೂಡಿಸಿದಳು. ಅಲ್ಲಿಗೆ ನಾರ್ವೆಯ ಅಧ್ಯಾಯ ಮುಗಿಯಿತು.

ಉಳಿದದ್ದು ನಾವೇ ಕಟ್ಟಿಕೊಳ್ಳುವ ದಾರಿ. ಪಕ್ಕದ ಪೇಟೆಯಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಇದ್ದಾರೆ. ವಿಷಯ ಹೇಳಿದ್ದೇ ಅವರ ಕಣ್ಣು ಮಿಂಚಿತು. ಐಸಿ, ರೆಸಿಸ್ಟರ್, ಕೆಪಾಸಿಟರ್ ಎಲ್ಲವೂ ಅವರ ಬಿಸ್ಕತ್ತು ಡಬ್ಬಿಯಲ್ಲೇ ಇದ್ದವು. ಬ್ಯಾಟರಿಯಲ್ಲಿ ಓಡುವ ಯಂತ್ರವನ್ನು ಕಟ್ಟುವುದಕ್ಕೆ ಬೇಕಾದ ಸೋಲ್ಡರಿಂಗ್ ಐರನ್ ಮಾತ್ರ ಕರೆಂಟಿನಲ್ಲಿ ಓಡುವಂಥದ್ದು. ಸೀಸ ಕರಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಅರೆಬಿಸಿಯಲ್ಲಿ ಅಂಟಿಕೊಂಡ ಬೆಸುಗೆಯನ್ನು ಅವರು 'ಡ್ರೈ ಸೋಲ್ಡರ್' ಎಂದು, ಪೂರ್ವಜನ್ಮದ ಪಾಪದ ಹೆಸರನ್ನು ಹೇಳುವಷ್ಟು ಖೇದದಿಂದ ಹೇಳುತ್ತಿದ್ದರು. ಮೇಲೆ ನೋಡಿದರೆ ಗಟ್ಟಿ, ಒಳಗೆ ಸಂಬಂಧವೇ ಇಲ್ಲ. ತೋರುಬೆರಳಿನಿಂದ ಬಡಿದರೆ ಮಾತ್ರ ಯಂತ್ರ ಮಾತನಾಡುತ್ತದೆ. ಮಳೆಗಾಲದ ಆಟಿ ತಿಂಗಳು ಕಳೆಯುವ ಹೊತ್ತಿಗೆ, ಬಡಿಯದೆಯೂ ಮಾತನಾಡುವ ಹಂತಕ್ಕೆ ಬಂದೆವು.

ನೆರೆಮನೆಯ ಭಾವ ಇದಕ್ಕೆ ತಮ್ಮ ಸ್ಪ್ರೇಯರಿನ 12 ವೋಲ್ಟಿನ ಬ್ಯಾಟರಿ ಕೊಡಲು ಸಿದ್ಧರಿದ್ದರು. ಕೊಳೆರೋಗಕ್ಕೆ ಮದ್ದು ಬಿಟ್ಟೂ ಬಿಟ್ಟೂ ಅದರ ತುದಿಗಳು ಮೈಲುತುತ್ತಿನಿಂದ ನೀಲಿಯಾಗಿದ್ದವು. ಬಿಸಿಲು ಬಂದ ದಿನ ಮದ್ದಿಗೆ, ಮಳೆ ಬಂದ ದಿನ ನಿನಗೆ ಎಂಬುದು ಅವರ ಒಪ್ಪಂದ. ಅಷ್ಟು ಭಾರ ಯಾರು ಹೊರುವುದೆಂದು, ಮಗಳ ಪವರ್ ಬ್ಯಾಂಕಿಗೆ ಜೋಡಿಸಿದೆ.

ಪವರ್ ಬ್ಯಾಂಕಿಗೆ ಒಂದು ಸ್ವಭಾವವಿದೆ. ತನ್ನಿಂದ ಧಾರಾಳವಾಗಿ ಕುಡಿಯುವವರು ಯಾರೂ ಇಲ್ಲವೆಂದು ಕಂಡರೆ ಅದು ಬಾಗಿಲು ಹಾಕಿ ಮಲಗುತ್ತದೆ. ನಮ್ಮ ಪ್ರೀಆಂಪ್ ಕುಡಿಯುವುದು ಕೆಲವೇ ಮಿಲಿಆಂಪಿಯರ್. ಇಷ್ಟು ಅಲ್ಪತೃಪ್ತ ಅತಿಥಿಯನ್ನು ಪವರ್ ಬ್ಯಾಂಕು ಅತಿಥಿಯೆಂದೇ ಒಪ್ಪಲಿಲ್ಲ. ಭಾಗವತರು ಗಣಪತಿ ಸ್ತುತಿ ಮುಗಿಸುವ ಮೊದಲೇ ಅದು ನಿದ್ದೆಗೆ ಜಾರಿತು. ಎಚ್ಚರವಿರಿಸಲು ಉಪಾಯ ಹೇಳಿದವನು ಅಳಿಯನೇ. ಪಕ್ಕದ ರಂಧ್ರಕ್ಕೆ ಒಂದು ಸಣ್ಣ ಎಲ್‌ಇಡಿ ದೀಪ ಸಿಕ್ಕಿಸಬೇಕು, ಅದು ಕುಡಿಯುವ ಹೆಸರಿನಲ್ಲಿ ಇದೂ ಬದುಕುತ್ತದೆ. ಲೆಕ್ಕ ಸರಿಯಾಗಿತ್ತು. ಆ ರಾತ್ರಿ ಮಳೆ ನಿಂತಿತ್ತು, ಎಂದಿನಂತೆ ಕರೆಂಟೂ ಇರಲಿಲ್ಲ, ಮತ್ತು ಅಂಗಳದ ಬದಿಯ ಹುತ್ತದಿಂದ ರೆಕ್ಕೆಹುಳುಗಳು ಎದ್ದಿದ್ದವು. ಇಡೀ ಚಾವಡಿಯಲ್ಲಿ ಬೆಳ್ಳಗೆ ಬೆಳಗುತ್ತಿದ್ದುದು ಮೈಕಿನ ಬುಡದಲ್ಲಿದ್ದ ನನ್ನ ದೀಪವೊಂದೇ. ಸಾವಿರ ಪಟ್ಟು ಹೆಚ್ಚಿಸಿದಾಗ ರೆಕ್ಕೆಹುಳು ಹೆಲಿಕಾಪ್ಟರ್ ಆಗುತ್ತದೆ. ಆ ಮುದ್ರಣದಲ್ಲಿ ದ್ರೋಣರು ಚಕ್ರವ್ಯೂಹ ರಚಿಸುವುದನ್ನು ಕೇಳಿದವರು ಅದು ವಾಯುಸೇನೆಯ ಕಾರ್ಯಾಚರಣೆ ಎಂದೇ ತಿಳಿಯುತ್ತಾರೆ. ಪ್ರೀಆಂಪಿನ ಬಗ್ಗೆ ದೂರುವಂತಿಲ್ಲ. ಒಂದೊಂದು ರೆಕ್ಕೆಯೂ ಬಿಡಿಬಿಡಿಯಾಗಿ ಕೇಳುತ್ತದೆ.

ಕೊನೆಗೆ 9 ವೋಲ್ಟಿನ ಆಯತಾಕಾರದ ಬ್ಯಾಟರಿಗೇ ಶರಣಾದೆವು. ಇಷ್ಟು ಕಡಿಮೆ ಕುಡಿಯುವ ಯಂತ್ರಕ್ಕೆ ಒಳ್ಳೆಯ ಆಲ್ಕಲೈನ್ ಬ್ಯಾಟರಿಯೊಂದು ಹಲವು ರಾತ್ರಿಗಳಿಗೆ ಸಾಕು. ಇನ್ನು ಪೆಟ್ಟಿಗೆ ಲೋಹದ್ದಾಗಿರಬೇಕು, ಇಲ್ಲವಾದರೆ ಹತ್ತಿರ ಕುಳಿತವರ ಹಳೆಯ ಫೋನಿನ 'ಟಿಕ್ಕಿಟಿ ಟಿಕ್ಕಿಟಿ' ಒಳಗೆ ನುಗ್ಗುತ್ತದೆ ಎಂದರು ಹಿರಿಯರು. ಮನೆಯಲ್ಲಿ ಸರಿಯಾದ ಅಳತೆಯ ಲೋಹದ ಪೆಟ್ಟಿಗೆ ಇದ್ದದ್ದು ಅಜ್ಜನ ಹಿತ್ತಾಳೆಯ ತಾಂಬೂಲದ ಡಬ್ಬಿ. ಒಳಗೆ ಬೋರ್ಡು, ಬ್ಯಾಟರಿ; ಹೊರಗೆ ತಂತಿ ಹೋಗಲು ಬದಿಯಲ್ಲಿ ತೂತು. ಗುಂಯ್ ಇಲ್ಲ, ಟಿಕ್ಕಿಟಿ ಇಲ್ಲ. ಕರೆಂಟು ಹೋದ ಒಂದು ರಾತ್ರಿ ಫ್ಯಾನು, ಟ್ಯೂಬ್‌ಲೈಟಿನ ಚೋಕು, ಪಂಪ್‌ಸೆಟ್ಟು ಎಲ್ಲವೂ ಸುಮ್ಮನಾದಾಗ ಅದು ಹಿಡಿದ ಭಾಗವತರ ದನಿಯನ್ನು ಕೇಳಿ, ಇನ್ನು ಮುಂದೆ ತಾಳಮದ್ದಳೆ ಇರುವಲ್ಲೆಲ್ಲ ಕರೆಂಟು ಹೋಗಲಿ ಎಂದು ನಾನು ಹಾರೈಸತೊಡಗಿದೆ. ಮನೆಯವಳ ಮುಂದೆ ಇದನ್ನು ಹೇಳಿಲ್ಲ.

ಅಂದಿನ ಪ್ರಸಂಗ ಕೃಷ್ಣ ಸಂಧಾನ. ವೇದಿಕೆಯಲ್ಲಿ ಅರ್ಥಧಾರಿಗಳ ನಡುವೆ ವೀಳ್ಯದೆಲೆ ಅಡಿಕೆಯ ಹರಿವಾಣ, ಅದರ ಪಕ್ಕದಲ್ಲಿ ನನ್ನ ಡಬ್ಬಿ. ಕೃಷ್ಣ ಐದು ಗ್ರಾಮಗಳನ್ನು ಕೇಳಿದ್ದಾಯಿತು. ಉತ್ತರ ಕೊಡುವ ಮೊದಲು ಒಂದು ಕವಳ ಹಾಕಿಕೊಳ್ಳೋಣವೆಂದು ಕೌರವನ ಅರ್ಥಧಾರಿ ಸುಣ್ಣಕ್ಕಾಗಿ ಡಬ್ಬಿಯ ಮುಚ್ಚಳ ತೆಗೆದರು. ಒಳಗಿನ ತಂತಿಗಳನ್ನು ಒಂದು ಗಳಿಗೆ ದಿಟ್ಟಿಸಿದರು. ಪಳಗಿದ ಕಲಾವಿದರು, ಪಾತ್ರ ಬಿಡಲಿಲ್ಲ.

"ಕೃಷ್ಣಾ, ಸಂಧಾನಕ್ಕೆ ಬಂದವನು ತಾಂಬೂಲದ ಡಬ್ಬಿಯಲ್ಲಿ ಇದೇನನ್ನು ತಂದೆ?"

"ಕೌರವಾ, ಇಂದು ನೀನು ಆಡುವ ಮಾತನ್ನು ನಾಳೆ ನೀನೇ ಇಲ್ಲವೆನ್ನುತ್ತೀಯೆ. ಅದಕ್ಕೆ ಸಾಕ್ಷಿ."

ಚಾವಡಿ ಬಿದ್ದು ಬಿದ್ದು ನಕ್ಕಿತು. ಮದ್ದಳೆಯವರು ಕೈಬಿಟ್ಟು ನಕ್ಕರು. ಮುಂದಿನ ಕಾಲು ಗಂಟೆ ಇಬ್ಬರೂ ಆ ಡಬ್ಬಿಯ ಮೇಲೆಯೇ ವಾದ ಕಟ್ಟಿದರು. ಅಂಥ ಅರ್ಥಗಾರಿಕೆ ನಾನು ಕೇಳಿದ್ದು ಅಪರೂಪ.

ಮುಚ್ಚಳ ತೆಗೆಯುವಾಗ ಬ್ಯಾಟರಿಯ ಕ್ಲಿಪ್ ಕಿತ್ತುಬಂದಿತ್ತು. ಮುದ್ರಣದಲ್ಲಿ 'ಕೃಷ್ಣಾ' ಎಂಬ ಕರೆಯೂ ಇಲ್ಲ. ಎಲೆಯ ನಾರು ತೆಗೆಯುವ ಸದ್ದು, ಒಂದು 'ಟಪ್', ಆಮೇಲೆ ಪ್ರಸಂಗದ ಕೊನೆಯವರೆಗೆ ಏನೂ ಇಲ್ಲ.

ಈಗ ಆ ಸಂವಾದ ಊರೂರು ತಿರುಗುತ್ತಿದೆ. ನೀರ್ಚಾಲಿನವರು ಹೇಳುವ ಪಾಠದಲ್ಲಿ ಕೃಷ್ಣ ಒಂದು ಶ್ಲೋಕವನ್ನೂ ಹೇಳುತ್ತಾನೆ. ಮುಳ್ಳೇರಿಯದ ಪಾಠದಲ್ಲಿ ಗೆದ್ದವನು ಕೌರವ. ಇಬ್ಬರು ಅರ್ಥಧಾರಿಗಳೂ ಬೇರೆ ಬೇರೆಯಾಗಿ ಫೋನ್ ಮಾಡಿ, "ಮಾಷ್ಟ್ರೇ, ನಾನು ನಿಜವಾಗಿ ಏನು ಹೇಳಿದೆನೆಂದು ಒಮ್ಮೆ ಕೇಳಬೇಕು, ಆ ರೆಕಾರ್ಡಿಂಗ್ ಕಳುಹಿಸಿ" ಎನ್ನುತ್ತಿದ್ದಾರೆ. ಶಬ್ದ ಶುದ್ಧಿ ಮಾಡಿಸಲು ಮುಂಬಯಿಗೆ ಕಳುಹಿಸಿದ್ದೇನೆ ಎಂದು ಹೇಳಿ ದಿನ ದೂಡುತ್ತಿದ್ದೇನೆ.